ನೀರಿನ ಹದಕ್ಕೆ ನಾದಿನಿಯನ್ನು ಕೇಳುವ ಅತ್ತಿಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವೃದ್ಧಾಶ್ರಮದ ಉದ್ದನೆಯ ವರಾಂಡದಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಚಕ್ರದ ಗಾಡಿ ತಳ್ಳಿಕೊಂಡು ಬರುತ್ತಿದ್ದಾರೆ. ಗಾಡಿಯ ಮೇಲೆ ಎರಡು ಬೋಗುಣಿ, ಮಡಿಸಿಟ್ಟ ಹತ್ತಿಬಟ್ಟೆ, ಉಗುರುಕತ್ತರಿ, ಮುಲಾಮಿನ ಡಬ್ಬಿ. ಒಂದು ಚಕ್ರ ಕಿರ್ರೋ ಎನ್ನುತ್ತಿದೆ. ಎಣ್ಣೆ ಬಿಡಬಾರದೇ ಎಂದರೆ, "ಅಯ್ಯೋ ಬೇಡಪ್ಪಾ, ಈ ಸದ್ದು ಕೇಳಿದ್ರೇನೇ ಅಜ್ಜಂದಿರು ಸಾಕ್ಸ್ ಬಿಚ್ಚೋದು" ಎಂದು ನಗುತ್ತಾರೆ.

ಗಾಡಿ ಮೊದಲು ನಿಲ್ಲುವುದು ಅಡುಗೆಮನೆಯ ಬಾಗಿಲಲ್ಲಿ. "ಬಾರೇ, ನೀರು ನೋಡು." ಒಳಗಿನಿಂದ ಅಡುಗೆ ಮಾಡುವ ಅವರ ನಾದಿನಿ ಕೈ ಒರೆಸಿಕೊಂಡು ಬಂದು ಬೋಗುಣಿಯಲ್ಲಿ ಮೊಣಕೈ ಅದ್ದುತ್ತಾಳೆ. "ಇನ್ನೊಂದು ಚೊಂಬು ತಣ್ಣೀರು ಬೇಕು ಅತ್ತಿಗೆ." ಇವರು ಆಕೆ ಹೇಳಿದಷ್ಟೂ ಸುರಿಯುತ್ತಾರೆ. ನಾದಿನಿ ಕರೆಯುವುದನ್ನು ಕೇಳಿ ಕೇಳಿ ಇಡೀ ಆಶ್ರಮಕ್ಕೇ ಇವರು ಅತ್ತಿಗೆಯಾಗಿದ್ದಾರೆ. ತೊಂಬತ್ತರ ಅಜ್ಜಿಯೂ ಅತ್ತಿಗೆ ಎನ್ನುತ್ತಾರೆ.

ಚರ್ಚೊಂದು ನಡೆಸುವ ಈ ಆಶ್ರಮದಲ್ಲಿರುವವರಿಗೆಲ್ಲ ಸಕ್ಕರೆ ಕಾಯಿಲೆ. ಅವರ ಕಾಲಿಗೆ ಸ್ಪರ್ಶವೇ ಸತ್ತುಹೋಗಿದೆ. ಮುಳ್ಳು ಚುಚ್ಚಿದರೂ, ಕೆಂಡ ತಗುಲಿದರೂ ತಿಳಿಯದು. ದಿನವೂ ತೊಳೆದು, ಬೆರಳಸಂದಿ ಒರೆಸಿ, ಎಲ್ಲಾದರೂ ಗೀರು ಬಿದ್ದಿದೆಯೇ ಎಂದು ನೋಡದಿದ್ದರೆ ಕಾಲೇ ಹೋಗುತ್ತದೆ. ಹದಿನೆಂಟು ಜನ, ಮೂವತ್ತಾರು ಕಾಲು ಎಂದು ನಾನು ಗುನುಗಿಕೊಂಡರೆ, "ಮೂವತ್ತೈದು ಸ್ವಾಮಿ" ಎಂದು ಮಂಚದ ಮೇಲಿದ್ದವರೊಬ್ಬರು ತಮ್ಮ ಒಂಟಿ ಕಾಲೆತ್ತಿ ತೋರಿಸುತ್ತಾರೆ. ಇಲ್ಲೇ ಇದ್ದ ನಮ್ಮಪ್ಪನ ಕಾಲನ್ನು ಕೊನೆಯ ಎರಡು ವರ್ಷ ತೊಳೆದವರೂ ಇದೇ ಅತ್ತಿಗೆ. ಎರಡೂ ಕಾಲಿನ ಮೇಲೆ ನಿಂತು ನಡೆದಾಡಿಯೇ ಅಪ್ಪ ಹೋದರು. ಆ ಋಣ ನನ್ನ ಮೇಲಿದೆ, ಮೊದಲೇ ಹೇಳಿಬಿಡುತ್ತೇನೆ.

ಆದರೆ ಕೊನೆಯ ಕೋಣೆಯ ಟೈಲರ್ ಅಜ್ಜ ಮೂರು ತಿಂಗಳಿಂದ ಇವರ ಕೈಗೆ ಕಾಲು ಕೊಟ್ಟಿಲ್ಲ. ಇವತ್ತಾದರೂ ಕೊಡಲಿ ಎಂಬುದೇ ಅತ್ತಿಗೆಯ ದಿನದ ಮೊದಲ ಪ್ರಾರ್ಥನೆ.

ಅತ್ತಿಗೆಯ ಗಂಡ ಲಾರಿ ಓಡಿಸುತ್ತಿದ್ದರು. ಅವರ ಬೆನ್ನು ಕೈಕೊಟ್ಟು ಮನೆ ಹಿಡಿದಾಗ ಅತ್ತಿಗೆ ಇಲ್ಲಿ ನೆಲ ಒರೆಸಲು ಸೇರಿದರು. ನರ್ಸ್ ಒಬ್ಬರು ಕಾಲಿನ ಆರೈಕೆ ಕಲಿಸಿದರು. "ಮೊದಲ ದಿನ ವಾಂತಿ ಮಾಡ್ಕೊಂಡೆ. ಆಮೇಲೆ ನೋಡಿ, ನನ್ನಷ್ಟು ಚೆನ್ನಾಗಿ ಯಾರಿಗೂ ಬರಲ್ಲ ಅನ್ನೋ ಹಾಗಾಯ್ತು. ಅಲ್ಲೇ ಎಡವಟ್ಟಾಗಿದ್ದು." ನಾದಿನಿಗೆ ಅಡುಗೆಮನೆಯ ಕೆಲಸ ಕೊಡಿಸಿದವರೂ ಇವರೇ. ಅದನ್ನು ಮಾತುಮಾತಿಗೂ ಎತ್ತಿ ಆಡುತ್ತಿದ್ದರಂತೆ. "ಉಪ್ಪು ಜಾಸ್ತಿ ಆದ್ರೂ ಅದೇ ಮಾತು, ಕಮ್ಮಿ ಆದ್ರೂ ಅದೇ ಮಾತು" ಎಂದು ನಾದಿನಿ ಪಕ್ಕದಿಂದಲೇ ಸಾಕ್ಷಿ ನುಡಿಯುತ್ತಾಳೆ.

ಸಾಕ್ಷಿ ಎಂದರೆ ಚರ್ಚಿನಲ್ಲೂ ಒಂದಿತ್ತು. ವರ್ಷಕ್ಕೊಮ್ಮೆ ಸಭೆಯ ಮುಂದೆ ಎದ್ದು ನಿಂತು, ಯೇಸು ಶಿಷ್ಯರ ಕಾಲು ತೊಳೆದ ಹಾಗೆ ತಾನೂ ತೊಳೆಯುತ್ತಿರುವುದನ್ನು ಅತ್ತಿಗೆ ಹೇಳುತ್ತಿದ್ದರು. ಜನ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟುತ್ತಿದ್ದರು. "ತಗ್ಗಿ ನಡೀತೀನಿ ಅಂತ ಎಷ್ಟು ಬೀಗ್ತಿದ್ದೆ ಗೊತ್ತಾ? ಬೇರೆಯವರ ಜಂಭ ಕಂಡ್ರೆ ನಂಗೆ ಮೈಯೆಲ್ಲಾ ಉರೀತಿತ್ತು. ನಂದು ಮಾತ್ರ ಕಾಣ್ತಿರ್ಲಿಲ್ಲ."

ಮೂರು ತಿಂಗಳ ಹಿಂದೆ ಒಂದು ಬೆಳಿಗ್ಗೆ ನಾದಿನಿ ಬೋಗುಣಿಯ ಹಬೆ ನೋಡಿ, "ನೀರು ಸುಡ್ತಿದೆ ಅತ್ತಿಗೆ" ಎಂದಳು. "ನಂಗೇ ಹೇಳಿಕೊಡೋಕೆ ಬಂದ್ಯಾ? ನಿನ್ನ ಒಲೆ ನೋಡ್ಕೋ ಹೋಗು" ಎಂದು ಇವರು ಗದರಿದರು. ವರ್ಷಗಟ್ಟಲೆ ಬಿಸಿನೀರಲ್ಲಿ ಆಡಿದ ಕೈ ಜಡ್ಡುಗಟ್ಟಿರುತ್ತದೆ, ಅದು ಸುಳ್ಳು ಹೇಳುತ್ತದೆ. ಅದಕ್ಕೇ ಮೊಣಕೈ ಅದ್ದಬೇಕು. ಅಂದು ಹಟಕ್ಕೆ ಬಿದ್ದು ಅದ್ದಲಿಲ್ಲ. ಟೈಲರ್ ಅಜ್ಜ ನೀರಿನಲ್ಲಿ ಕಾಲಿಟ್ಟು, ಏನೂ ತಿಳಿಯದೆ, ಹಳೆಯ ಗಿರಾಕಿಯೊಬ್ಬನ ತಮಾಷೆ ಹೇಳುತ್ತಾ ಕೂತಿದ್ದರು. ಕಾಲು ಹೊರಗೆ ತೆಗೆದಾಗ ಪಾದದ ಮೇಲೆಲ್ಲ ಬೊಬ್ಬೆ.

"ಅವರು ಅಮ್ಮಾ ಅಂತ ಕಿರುಚಿದ್ರೂ ತಡ್ಕೋತಿದ್ದೆ. ನಗ್ತಾ ಇದ್ರಪ್ಪಾ ಅವರು." ಅತ್ತಿಗೆ ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಾರೆ.

ತಪ್ಪನ್ನೂ ಸಭೆಯ ಮುಂದೆಯೇ ಒಪ್ಪಿಕೊಳ್ಳುತ್ತೇನೆ ಎಂದು ಪಾದ್ರಿಗಳ ಬಳಿ ಹೋದರು. ಪಾದ್ರಿಗಳು ಬೇಡವೆಂದು ತಲೆಯಾಡಿಸಿದರು. "ಅಲ್ಲಿ ಹೇಳಿದ್ರೆ ಅದಕ್ಕೂ ಚಪ್ಪಾಳೆ ತಟ್ತಾರಮ್ಮಾ. ಅಜ್ಜನ ಹತ್ರ ಹೇಳು. ಆಮೇಲೆ ಅಡುಗೆಮನೆಗೆ ಹೋಗಿ ಹೇಳು."

ಅಜ್ಜನಿಗೆ ಹೇಳಲು ಒಂದು ದಿನ ಸಾಕಾಯಿತಂತೆ. ಅಡುಗೆಮನೆಯ ಹೊಸ್ತಿಲು ದಾಟಲು ಒಂದು ವಾರ ಬೇಕಾಯಿತು. ಕೊನೆಗೆ ಹೇಗೋ ಬಾಯಿಬಿಟ್ಟಾಗ ನಾದಿನಿ, "ಸ್ವಲ್ಪ ತಡೀರಿ ಅತ್ತಿಗೆ, ಒಲೆ ಆರಿಸ್ತೀನಿ. ಈ ಮಾತು ಸರಿಯಾಗಿ ಕಿವಿಗೆ ಬೀಳ್ಬೇಕು" ಎಂದಳಂತೆ. ಇಬ್ಬರೂ ನಕ್ಕು, ಆಮೇಲೆ ಅತ್ತರು. ಮರುದಿನದಿಂದ ಶುರುವಾದದ್ದೇ ಈ ಮೊಣಕೈ ಪರೀಕ್ಷೆ. "ನಾನೇ ನೋಡ್ಕೋಬಹುದು, ನೋಡ್ಕೋತೀನಿ ಕೂಡ. ಆದ್ರೂ ಕೇಳ್ತೀನಿ. ದಿನಾ ಕೇಳೋವಾಗ ಒಳಗೆ ಒಂಚೂರು ಚುರ್ ಅನ್ನುತ್ತೆ. ಆ ಚುರುಕು ಕೊಟ್ಟಿದ್ದಕ್ಕೆ ದೇವರಿಗೆ ಸ್ತೋತ್ರ ಹೇಳ್ತೀನಿ."

ಅಜ್ಜನ ಗಾಯ ಮಾಗಿದೆ, ದೇವರು ದೊಡ್ಡವನು. ಇಷ್ಟು ದಿನ ನರ್ಸ್ ಪಟ್ಟಿ ಕಟ್ಟುತ್ತಿದ್ದರು. ಅತ್ತಿಗೆ ದಿನವೂ ಬಾಗಿಲಲ್ಲಿ ನಿಂತು "ಅಜ್ಜಾ, ಬರ್ಲಾ?" ಎನ್ನುವುದು, ಅವರು "ಮುಂದಕ್ಕೆ ಹೋಗಮ್ಮಾ" ಎಂದು ಹೊದಿಕೆ ಎಳೆದುಕೊಳ್ಳುವುದು. ಬೇಸರವಾಗುವುದಿಲ್ಲವೇ ಎಂದು ಕೇಳಿದೆ. "ಆಗದೆ ಏನು? ಆದ್ರೆ ಕ್ಷಮೆ ಕೇಳಿದ್ದೀನಿ, ಕೊಡ್ಲೇಬೇಕು ಅಂತ ಕೂತ್ರೆ ಅದೂ ಜಂಭಾನೇ ಅಲ್ವಾ? ಕೇಳೋದಷ್ಟೇ ನನ್ನ ಕೆಲಸ."

ಇವತ್ತು ಗಾಡಿ ಕೊನೆಯ ಕೋಣೆಗೆ ಬಂದಾಗ ಕಿಟಕಿಯಲ್ಲಿ ಬಿಸಿಲು ಬಂದಿದೆ. "ಅಜ್ಜಾ, ಬರ್ಲಾ?" ಟೈಲರ್ ಅಜ್ಜ ಗೋಡೆ ನೋಡುತ್ತಾರೆ, ನನ್ನನ್ನು ನೋಡುತ್ತಾರೆ. ಆಮೇಲೆ ಹೊದಿಕೆ ಸರಿಸಿ, ಎರಡೂ ಕೈಯಿಂದ ಕಾಲನ್ನು ಮೆಲ್ಲಗೆ ಎತ್ತಿ ಮಂಚದ ಅಂಚಿಗೆ ತರುತ್ತಾರೆ. ಸುಟ್ಟ ಜಾಗದ ಹೊಸ ಚರ್ಮ ನಸುಗೆಂಪಾಗಿ ಹೊಳೆಯುತ್ತದೆ. ಅತ್ತಿಗೆ ಬೋಗುಣಿ ಕೆಳಗಿಟ್ಟು, ನೋವಿನ ಮಂಡಿ ಊರಿ ಕೂತು, ಅಂಗೈ ಚಾಚುತ್ತಾರೆ.

ಅಜ್ಜ ಪಾದವನ್ನು ಆ ಕೈಗೆ ಕೊಟ್ಟು, ನೀರಿನೊಳಗೆ ಇಳಿಯಬಿಡುತ್ತಾರೆ.

"ನಂಗಂತೂ ಏನೂ ಗೊತ್ತಾಗಲ್ಲಮ್ಮಾ. ನೀನೇ ಹೇಳು, ಹೇಗಿದೆ?"

"ಬೆಚ್ಚಗಿದೆ ಅಜ್ಜಾ."

"ಹಾಗಾದ್ರೆ ನಂಗೂ ಬೆಚ್ಚಗಿದೆ."