ಖಿಚಡಿಗೆ ಬಿದ್ದ ಲವಂಗದ ಎಣ್ಣೆ

ಲವಂಗದ ಎಣ್ಣೆಗೆ ಸಂಕೋಚವೆಂಬುದಿಲ್ಲ. ಸೀಸೆಯ ಮುಚ್ಚಳ ಮುಟ್ಟಿದರೆ ಸಾಕು, ಸೋಪು ಹಚ್ಚಿ ತೊಳೆದ ಬೆರಳಲ್ಲೂ ಕರೆಯದ ಅತಿಥಿಯಂತೆ ಕುಳಿತು, ಸಂಜೆಯ ಚಹಾಕ್ಕಿಂತ ಮೊದಲೇ ಮೂಗಿಗೆ ನಮಸ್ಕಾರ ಹೇಳುತ್ತದೆ. ತಾಂಡೂರಿನ ಕಾನ್ವೆಂಟಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಸಿಸ್ಟರ್, ಅದರಲ್ಲಿ ಅದ್ದಿದ ಕಾಗದದ ಬಿಲ್ಲೆಯನ್ನು ರೋಗಾಣು ಬೆಳೆಸಿದ ಗಾಜಿನ ತಟ್ಟೆಯಲ್ಲಿಟ್ಟು, ಮಾರನೆಯ ದಿನ ಬಿಲ್ಲೆಯ ಸುತ್ತ ಏನೂ ಬೆಳೆಯದ ಸ್ವಚ್ಛ ವೃತ್ತವನ್ನು ತೋರಿಸಿದ್ದರು. ನನಗದು ಪೂರ್ಣಚಂದ್ರನಂತೆ ಕಂಡಿತ್ತು. ಗಾಜಿನ ತಟ್ಟೆಗೂ ಅಡುಗೆಯ ಪಾತ್ರೆಗೂ ಇರುವ ಅಂತರವನ್ನು ಮಾತ್ರ ಯಾವ ಪಾಠವೂ ಹೇಳಲಿಲ್ಲ. ಹೇಳಿದ್ದರೂ ಅಂಕ ಪಡೆದು ಮರೆಯುವ ಜಾಣೆಯೇ ನಾನು.

ಪ್ರತ್ಯೇಕ ತೆಲಂಗಾಣದ ಹೋರಾಟ ಕಾವೇರಿದ್ದ ವರ್ಷಗಳವು. ರಸ್ತೆಯ ಮೇಲೇ ಒಲೆ ಹೂಡಿ, ಬೇಯಿಸಿ, ಉಂಡು ಪ್ರತಿಭಟಿಸುವ ‘ವಂಟಾ ವಾರ್ಪು’ ನನ್ನ ಗಂಡನ ಊರು ಜಹೀರಾಬಾದಿಗೂ ಬಂತು. ನಮ್ಮ ಓಣಿಯವರು ಖಿಚಡಿ ಮಾಡಿದರು. ಮೊದಲು ಮಠದ ಅಯ್ಯನವರಿಗೆ ಬಡಿಸಿದ್ದರಿಂದ ಅದು ಪ್ರಸಾದವಾಯಿತು. ಉಂಡ ತಾಟು ತೊಳೆದ ನೀರನ್ನೂ ಕುಡಿಯುವ ನಮ್ಮ ಅತ್ತೆ ಪ್ರಸಾದ ಚೆಲ್ಲುವರೆ? ಉಳಿದದ್ದನ್ನು ಡಬ್ಬಿ ತುಂಬಿ ಮನೆಗೆ ತಂದರು. ಕರೆಂಟಿಲ್ಲದೆ ನಮ್ಮ ಫ್ರಿಜ್ಜು ಬರೀ ಬೆಚ್ಚನೆಯ ಕಪಾಟಾಗಿತ್ತು.

ಮರುದಿನ ಅತ್ತೆ ಡಬ್ಬಿಗೆ ಲವಂಗದ ಎಣ್ಣೆ ಹನಿಸಿದರು.

“ನಮ್ಮವ್ವ ಉಪ್ಪಿನಕಾಯಿಗೆ ಲವಂಗ ಹಾಕ್ತಿದ್ಲು. ವರ್ಷಗಟ್ಲೆ ಕೆಡ್ತಿದ್ದಿಲ್ಲ. ಮೂಸಿ ನೋಡವಾ.”

ಮೂಸಿದೆ. ಲವಂಗ, ಬರೀ ಲವಂಗ. ಹಳಸಿದ್ದನ್ನು ಹಿಡಿದುಕೊಡಬೇಕಾದ ವಾಸನೆ ಆ ಪರಿಮಳದ ಸೆರಗಿನಲ್ಲಿ ಅಡಗಿತ್ತೆಂದು ಈಗ ತಿಳಿಯುತ್ತದೆ. ನನಗೆ ಸೋಮವಾರದ ಉಪವಾಸ. ಅತ್ತೆ ತುತ್ತೆರಡು ತಿಂದು, ಹೆಚ್ಚಿನ ಪಾಲನ್ನು ತಮ್ಮ ತಂಗಿಗೆ ಬಡಿಸಿದರು. ನಾರಾಯಣಖೇಡದಿಂದ ಬಂದು, ಬಂದ್‌ನಿಂದ ಬಸ್ಸಿಲ್ಲದೆ ನಮ್ಮಲ್ಲೇ ಉಳಿದಿದ್ದ ಚಿಕ್ಕತ್ತೆ ಸಕ್ಕರೆ ಕಾಯಿಲೆಯವರು, ನಗೆಗಾರ್ತಿ.

“ಅಕ್ಕಾ, ಇದು ಖಿಚಡಿನೋ, ಹಲ್ಲುನೋವಿನ ಔಷಧಾನೋ?”

“ಉಣ್ಣು ಸುಮ್ಮ. ನಿನಗ ಹಲ್ಲರ ಎಲ್ಲಿ ಉಳದಾವ?”

ಮುಸ್ಸಂಜೆಗೆ ಇಬ್ಬರಿಗೂ ವಾಂತಿಭೇದಿ ಹತ್ತಿತು. ಅತ್ತೆ ಸುಧಾರಿಸಿಕೊಂಡರು, ಚಿಕ್ಕತ್ತೆ ಕುಸಿಯುತ್ತ ಹೋದರು. ಆಟೋ ಸಿಗುವುದೇ ತಡವಾಯಿತು. ಹಿಂದಿನ ದಿನ ಖಿಚಡಿ ತಿರುವಿದ್ದ ಹುಡುಗರೇ ರಸ್ತೆ ತಡೆಗೆ ತಾವಿಟ್ಟ ಕಲ್ಲುಗಳನ್ನು ಸರಿಸಿ, “ಚಿಕ್ಕವ್ವಾ, ಕಣ್ ತೆಗೀರಿ” ಎನ್ನುತ್ತ ಜೊತೆಗೆ ಓಡಿದರು. ಆಸ್ಪತ್ರೆ ಮುಟ್ಟಿದಾಗ ಸೂಜಿ ಚುಚ್ಚಲು ನರವೇ ಸಿಗಲಿಲ್ಲ. ಬೆಳಗಾಗುವುದರೊಳಗೆ ಚಿಕ್ಕತ್ತೆ ತೀರಿಕೊಂಡರು.

ಆಮೇಲೆ ಪತ್ರಿಕೆಯೊಂದರಲ್ಲಿ ಓದಿದೆ: ಈ ತೈಲಗಳು ರೋಗಾಣುಗಳನ್ನು ಕೊಲ್ಲುವುದು ನಿಜ, ಆದರೆ ಅನ್ನ, ಬೇಳೆ, ಕೊಬ್ಬುಗಳ ನಡುವೆ ಬಲಗುಂದುತ್ತವೆ, ಕೆಲಸ ಮಾಡುವಷ್ಟು ಸುರಿದರೆ ಬಾಯಿಗಿಡಲಾಗದು, ಹಳಸಿದ ಮೇಲೆ ಯಾವ ಎಣ್ಣೆಯೂ ವಿಷ ತೆಗೆಯದು. ಓದುಗ ಮಿತ್ರರೇ, ಜ್ಞಾನ ಬರುವ ಬಸ್ಸು ನಮ್ಮೂರಿಗೆ ಯಾವಾಗಲೂ ತಡ. ಹತ್ತುವವರಿಲ್ಲದ ಮೇಲೆ ಬಂದು ನಿಲ್ಲುತ್ತದೆ.

ಅತ್ತೆಗೆ ಇದನ್ನು ಹೇಳಲಿಲ್ಲ. ಅವರು ಅತ್ತಿದ್ದನ್ನೂ ನಾನು ಕಾಣಲಿಲ್ಲ. ಮೊನ್ನೆ ಅಯ್ಯನವರು ನಮ್ಮಲ್ಲಿ ಉಂಡು ಹೋದರು. ಆಗಷ್ಟೇ ಒಲೆಯಿಂದಿಳಿದ ಅನ್ನ, ಇನ್ನೂ ಹಬೆಯಾಡುತ್ತಿತ್ತು. ಅತ್ತೆ ತಮ್ಮ ತಾಟನ್ನು ಹಣೆಗೊತ್ತಿಕೊಂಡು, ಎದ್ದು ಹಿತ್ತಲಿಗೆ ಹೋಗಿ ಎಲ್ಲವನ್ನೂ ಮಣ್ಣಿಗೆ ಸುರಿದರು.

“ಅತ್ತೀ, ಪ್ರಸಾದ ಅಲ್ಲೇನ್ರಿ ಅದು?”

“ಹೌದವಾ,” ಎಂದರು. “ಅದಕ್ಕ ಅಂಜಿಕಿ.”