ಮುಯ್ಯಿ ಬರೆಯುವ ಮೇಜು

ಎನ್.ಆರ್. ಪುರದ ಒಂದು ಸಭಾಭವನದ ಬಾಗಿಲಲ್ಲಿ ನನಗೊಂದು ಮೇಜು ಹಾಕಿದ್ದರು. ಮೇಲೆ ಬಿಳಿ ಬಟ್ಟೆ, ಹೊಸ ನೋಟ್ ಪುಸ್ತಕ, ಪೆನ್ನು, ತಟ್ಟೆಯಲ್ಲಿ ಅರಿಶಿನ ಕುಂಕುಮ. ಒಳಗೆ ಬಾಳೆಲೆ ಹಾಕುತ್ತಿದ್ದರು. ದಾರಿಯಲ್ಲಿ ಹೋಗುವವರು ಮದುವೆ ಎಂದೇ ತಿಳಿದಿರಬೇಕು. ಆದರೆ ಅಲ್ಲಿ ಮದುಮಕ್ಕಳಿರಲಿಲ್ಲ. ಚುನಾವಣೆಗೆ ನಿಂತ ಪಕ್ಷೇತರ ಅಭ್ಯರ್ಥಿಯೊಬ್ಬರಿದ್ದರು. ಅವರಿಗೆ ಊಟ ಹಾಕಿಸುತ್ತಿದ್ದವರು ನಾನು ಕೆಲಸಕ್ಕಿದ್ದ ಸಂಘದವರು.

ಸಂಘ ಎಂದರೆ ಕೊಪ್ಪ, ಶೃಂಗೇರಿ, ಎನ್.ಆರ್. ಪುರ ತಾಲ್ಲೂಕುಗಳಲ್ಲಿ ಜಮೀನು ಕೊಂಡು ಸೈಟ್ ಮಾಡಿ ಮಾರುವವರದ್ದು. ಊರಿಗೆ ಜೆಸಿಬಿ ಬಂದ ಮೇಲೆ ಗದ್ದೆಗೆ ಮಣ್ಣು ತುಂಬಿ ಮೂಲೆಗೆ ಕಲ್ಲು ನೆಡುವುದು ಸುಲಭವಾಗಿತ್ತು. ಕಷ್ಟವಿದ್ದದ್ದು ಕಚೇರಿಗಳಲ್ಲಿ. ಭೂಪರಿವರ್ತನೆಯ ಕಡತ ಕೂತಲ್ಲೇ ಕೂರುತ್ತಿತ್ತು. ಸೈಟಿಗೆ ಹೋಗುವ ದಾರಿಗೆ ಡಾಂಬರು ಬೀಳುತ್ತಿರಲಿಲ್ಲ. ಮೂರು ತಾಲ್ಲೂಕೂ ಒಂದೇ ಕ್ಷೇತ್ರ, ತಮ್ಮವನೊಬ್ಬ ಗೆದ್ದರೆ ಎಲ್ಲವೂ ಸಲೀಸು ಎಂದು ಅವರು ಲೆಕ್ಕ ಹಾಕಿದ್ದರು.

ಸಂಘದ ಅಧ್ಯಕ್ಷರು ಭಂಡಿಗಡಿ ಕಡೆಯ ಎಸ್ಟೇಟಿನವರು. ನನ್ನ ಅಪ್ಪ ಆ ಎಸ್ಟೇಟಿನ ಆಳು. ನಾನು ಹುಟ್ಟಿದ್ದು ಅವರ ಲೈನ್ ಮನೆಯಲ್ಲಿ, ಆಳುಗಳಿಗೆಂದು ಸಾಲಾಗಿ ಕಟ್ಟಿದ ಒಂದೂವರೆ ಕೋಣೆಯ ಮನೆಗಳಲ್ಲಿ ಕೊನೆಯದರಲ್ಲಿ. ಆ ಸಾಲಿನಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಬಿ.ಕಾಂ. ಪಾಸಾದ ದಿನ ಅಪ್ಪ ನನ್ನ ಅಂಕಪಟ್ಟಿಯನ್ನು ಎಸ್ಟೇಟಿನ ಲೆಕ್ಕ ನೋಡುವ ರೈಟರಿಗೂ ಅಂಗಡಿಯವನಿಗೂ ತೋರಿಸಿ ಬಂದಿದ್ದರು. ಅದರಲ್ಲಿ ಏನಿದೆ ಎಂದು ಅವರಿಗೆ ಓದಲು ಬರುತ್ತಿರಲಿಲ್ಲ. ಹಿಡಿಯುವುದು ಹೇಗೆಂದು ಮಾತ್ರ ಸರಿಯಾಗಿ ಗೊತ್ತಿತ್ತು, ಅಕ್ಷರಗಳಿಗೆ ಬೆರಳು ತಾಗಿಸುತ್ತಿರಲಿಲ್ಲ. ಅಧ್ಯಕ್ಷರೇ ಕರೆದು ಕೊಪ್ಪದ ಸಂಘದ ಕಚೇರಿಯಲ್ಲಿ ಕೆಲಸ ಕೊಟ್ಟಿದ್ದರು. ಉಪಕಾರವನ್ನು ನಾನು ಇಲ್ಲ ಎನ್ನುವುದಿಲ್ಲ.

ಮುಯ್ಯಿ ಬರೆಯಲು ನನ್ನನ್ನೇ ಕೂರಿಸಿದ್ದಕ್ಕೆ ಕಾರಣವಿತ್ತು. ಹೈಸ್ಕೂಲಿನಿಂದಲೇ ಲೈನಿನ ಎಲ್ಲ ಮದುವೆ, ನಾಮಕರಣಗಳಲ್ಲಿ ಮುಯ್ಯಿ ಬರೆಯುತ್ತಿದ್ದವಳು ನಾನು. ಯಾರು ಏನು ಕೊಟ್ಟರು, ಅಕ್ಕಿಯೋ ತೆಂಗಿನಕಾಯಿಯೋ ದುಡ್ಡೋ, ಹೆಸರಿನ ಮುಂದೆ ಬರೆದು ಗಟ್ಟಿಯಾಗಿ ಓದಬೇಕು. ನಾಳೆ ಅವರ ಮನೆಯಲ್ಲಿ ಕಾರ್ಯವಾದಾಗ ಅಷ್ಟನ್ನು, ಮೇಲೆ ಸ್ವಲ್ಪ ಸೇರಿಸಿ, ಹಿಂದಿರುಗಿಸಬೇಕು. ಬರೆಯದಿದ್ದರೆ ಅದು ಮುಯ್ಯಿಯೇ ಅಲ್ಲ. ಅಧ್ಯಕ್ಷರ ಮನೆಯಿಂದಲೂ ನಮ್ಮ ಮದುವೆಗಳಿಗೆ ಸೀರೆ, ಅಕ್ಕಿ ಬರುತ್ತಿತ್ತು. ಅದನ್ನು ಮಾತ್ರ ಬರೆಯುತ್ತಿರಲಿಲ್ಲ. ನಾವು ಅವರಿಗೆ ಹಿಂದಿರುಗಿಸುವವರಲ್ಲ, ಆದ್ದರಿಂದ ಅದು ದಾನ.

ಆ ದಿನ ಚುನಾವಣೆಯ ಖರ್ಚಿಗೆ ಹಣವನ್ನು ಬೇರೆ ರೀತಿಯಲ್ಲಿ ಕೊಡುವುದು ಸಂಘದವರಿಗೆ ತೋಚಲಿಲ್ಲ. ಅಭ್ಯರ್ಥಿಯ ಕೈಯಲ್ಲಿ ಕವರ್ ತುರುಕಿದರೆ ಯಾರು ಕೊಟ್ಟರೆಂದು ನಾಳೆ ಅವರಿಗೆ ನೆನಪಿರಬೇಕಲ್ಲ. ಒಬ್ಬೊಬ್ಬರೇ ಮೇಜಿಗೆ ಬಂದು ಕೊಟ್ಟರು, ನಾನು ಬರೆದೆ. ಶೆಟ್ಟಿಕೊಪ್ಪದ ಹಿರಿಯ ಸದಸ್ಯರೊಬ್ಬರು, ಯಾವಾಗಲೂ ತಮಾಷೆಯ ಮನುಷ್ಯ, ಕೊಟ್ಟು ಅಲ್ಲೇ ನಿಂತರು.

"ಗಟ್ಟಿ ಓದು ಮಗಾ. ಮದುಮಗನಿಗೆ ಕೇಳ್ಬೇಕು."

ನಾನು ಓದಿದೆ. ಒಳಗೆ ಎಲೆಯ ಮುಂದೆ ಕೂತಿದ್ದ ಅಭ್ಯರ್ಥಿ ತಲೆ ಎತ್ತಲಿಲ್ಲ. ಅವರ ಚುನಾವಣಾ ಏಜೆಂಟ್ ಮಾತ್ರ ಓಡಿ ಬಂದು, "ಓದೋದೆಲ್ಲ ಎಂತಕೆ?" ಎಂದು ಹಲ್ಲು ಕಚ್ಚಿ ಹೇಳಿದರು. ಅಷ್ಟು ಹೊತ್ತಿಗೆ ಗೇಟಿನಲ್ಲಿ ಚುನಾವಣಾ ಕಚೇರಿ ಕಳಿಸಿದ ವಿಡಿಯೊದವನು ನಿಂತಿದ್ದ. ನಾನು, ಮೇಜು, ಪುಸ್ತಕ, ಎಲ್ಲವೂ ಅವನ ಕ್ಯಾಮೆರಾದೊಳಗೆ ಹೋಗಿತ್ತು.

ಅಭ್ಯರ್ಥಿ ಸೋತರು. ಅದರ ಬೇಸರ ಆರುವ ಮೊದಲೇ ಅವರಿಗೆ ನೋಟಿಸು ಬಂತು. ಸಲ್ಲಿಸಬೇಕಾದ ಖರ್ಚಿನ ಲೆಕ್ಕದಲ್ಲಿ ಸಭಾಭವನದ ಊಟ ಎಲ್ಲಿ ಸೇರುತ್ತದೆ, ಮೇಜಿನ ಮೇಲೆ ಬರೆಸಿದ ಹಣ ಯಾರದು, ವಿವರ ಕೊಡಿ ಎಂದು. ವಿವರ ಕೊಟ್ಟರೆ ಖರ್ಚು ಮಿತಿ ದಾಟುತ್ತಿತ್ತು. ಕೊಡದೆ ಸಿಕ್ಕಿಬಿದ್ದರೆ ಮುಂದಿನ ಸಲ ನಿಲ್ಲುವ ಹಾಗಿರಲಿಲ್ಲ.

ಏಜೆಂಟ್ ಕೊಪ್ಪದ ಕಚೇರಿಗೆ ಬಂದಾಗ ಅಧ್ಯಕ್ಷರೂ ಇದ್ದರು. ಏಜೆಂಟ್ ಕುರ್ಚಿ ಎಳೆದುಕೊಂಡು ನನ್ನ ಎದುರಿಗೇ ಕೂತರು.

"ಎಂತ ಮಾರಾಯ್ತಿ, ವಿಡಿಯೊದಲ್ಲಿ ನೀನೇ ಹೀರೋಯಿನ್."

ನಾನು ಎದುರಿಗಿದ್ದ ಕಡತ ಮುಚ್ಚಿದೆ.

"ಹೆದರ್ಬೇಡ. ದಾರಿ ನೀನೇ ಮಾಡಿಟ್ಟಿದೀಯ. ಅರಿಶಿನ ಕುಂಕುಮ, ಬಾಳೆಲೆ, ಮುಯ್ಯಿ ಪುಸ್ತಕ. ನೋಡಿದ್ರೆ ಯಾರು ಇಲೆಕ್ಷನ್ ಅಂತಾರೆ? ಅಧ್ಯಕ್ಷರ ಮಗಳು ಬಾಣಂತನಕ್ಕೆ ಬಂದಿದಾರೆ. ಮೊಮ್ಮಗುವಿನ ನಾಮಕರಣ ಅಂತ ಹೇಳಿದ್ರಾಯ್ತು. ನಮ್ಮ ಅಭ್ಯರ್ಥಿ ಊಟಕ್ಕೆ ಬಂದಿದ್ರು, ಅಷ್ಟೇ."

ಹೊಸ ಪುಸ್ತಕದಲ್ಲಿ ಅದೇ ಹೆಸರುಗಳನ್ನು ಅದೇ ಕೈಬರಹದಲ್ಲಿ ಬರೆಯಬೇಕು, ಮೇಲೆ ನಾಮಕರಣದ ಮುಯ್ಯಿ ಎಂದಿರಬೇಕು. ನಾನು ಅಲ್ಲಿ ಅದನ್ನೇ ಬರೆಯಲು ಕೂತಿದ್ದೆ ಎಂದು ಒಂದು ಹೇಳಿಕೆಗೆ ಸಹಿ ಹಾಕಬೇಕು. ಕೆಳಗೆ ಸದಸ್ಯರು ಸಾಕ್ಷಿ ಹಾಕುತ್ತಾರೆ. ಹೇಳಿಕೆ ಟೈಪಾಗಿಯೇ ಬಂದಿತ್ತು. ನನ್ನ ಹೆಸರಿನ ಮುಂದೆ ಬಿ.ಕಾಂ. ಎಂದೂ ಹಾಕಿಸಿದ್ದರು.

ಆ ಎರಡು ಅಕ್ಷರ ನೋಡಿದ ಮೇಲೆ ನನಗೆ ಸಿಟ್ಟು ಬಂತು. ಮನೆಯಲ್ಲಿ ದೀಪಕ್ಕೆ ಎಣ್ಣೆ ಇಲ್ಲದ ದಿನ ರೈಟರ ಜಗಲಿಯಲ್ಲಿ ಕೂತು ಓದಿ ಸಂಪಾದಿಸಿದ ಅಕ್ಷರ ಅದು.

"ನಾನು ಬರೆದದ್ದನ್ನ ನಾನೇ ಅಲ್ಲ ಅಂತ ಹೆಂಗೆ ಹೇಳ್ಲಿ?" ಎಂದೆ. "ಆಗೂದಿಲ್ಲ."

ಏಜೆಂಟ್ ಅಧ್ಯಕ್ಷರ ಮುಖ ನೋಡಿದರು. ಅಧ್ಯಕ್ಷರು ಕಿಟಕಿಯ ಹೊರಗೆ ಬಸ್ ಸ್ಟ್ಯಾಂಡಿನ ಕಡೆ ನೋಡುತ್ತಾ, ಯಾರಿಗೋ ಹೇಳುವಂತೆ ಹೇಳಿದರು. "ಮಳೆ ಹಿಡಿಯೋ ಮೊದ್ಲು ಉತ್ತರದ ಕಡೆಯಿಂದ ಹೊಸ ಆಳುಗಳು ಬರ್ತಾರೆ. ಲೈನಲ್ಲಿ ಜಾಗ ಸಾಲೂದಿಲ್ಲ. ಯಾರನ್ನ ಬಿಡ್ಸೂದು ಅಂತ ನೋಡ್ತಾ ಇದೀನಿ."

ಅವರು ದನಿ ಏರಿಸಲಿಲ್ಲ. ನಾಳಿದ್ದು ಸದಸ್ಯರೆಲ್ಲ ಬರುತ್ತಾರೆ, ಅಷ್ಟರಲ್ಲಿ ಬರೆದಿಡು ಎಂದು ಹೊರಟರು.

ಭಂಡಿಗಡಿಯ ಬಸ್ಸಿನಲ್ಲಿ ಆ ಸಂಜೆ ಸೀಟು ಸಿಕ್ಕಿದರೂ ನಾನು ಕೂರಲಿಲ್ಲ. ಮನೆಯಲ್ಲಿ ಹೇಳಬಾರದು ಎಂದುಕೊಂಡು ಹೋದೆ, ಹೊಸ್ತಿಲು ದಾಟುತ್ತಲೇ ಹೇಳಿಬಿಟ್ಟೆ. ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ.

"ಒಂದು ಸಹಿ ಅಲ್ವನೇ? ಹಾಕಿ ಬಿಸಾಕು. ಈ ವಯಸ್ಸಲ್ಲಿ ಈ ಸಾಮಾನು ಹೊತ್ಕಂಡು ಎಲ್ಲಿಗೆ ಹೋಗದು?"

ಅಪ್ಪ ಕೈ ತೊಳೆದು ಬಂದು ಗೋಡೆಗೆ ಒರಗಿದರು. ಬಹಳ ಹೊತ್ತು ಬೀಡಿಯನ್ನು ಹಚ್ಚದೆ ಹಿಡಿದಿದ್ದರು.

"ಅಯ್ಯ ಬಾಯಿ ಬಿಟ್ಟು ಹೇಳಿದ್ರನಾ, ಮನೆ ಬಿಡಿ ಅಂತ?"

"ನಮ್ಮ ಹೆಸರು ಹೇಳಲಿಲ್ಲ."

"ಹೇಳ್ದಂಗೇ ಆಯ್ತು." ಬೀಡಿಯನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡರು. ಆಮೇಲೆ ಹೇಳಿದರು. "ನಾನು ಹೆಬ್ಬೆಟ್ಟು ಒತ್ತಿದ್ದಕ್ಕೆಲ್ಲ ನೆವ ಇತ್ತು, ಓದಕ್ಕೆ ಬರ್ತಿರ್ಲಿಲ್ಲ. ನಿಂಗೆ ಓದಕ್ಕೆ ಬತ್ತದೆ. ನೀನೇ ನೋಡ್ಕ."

ಇದಕ್ಕಿಂತ ಅವರು ಬೈದಿದ್ದರೆ ಒಳ್ಳೆಯದಿತ್ತು. ಸಹಿ ಹಾಕಬೇಡ ಎಂದೂ ಅನ್ನಲಿಲ್ಲ, ಹಾಕು ಎಂದೂ ಅನ್ನಲಿಲ್ಲ. ಮಾರನೆಯ ದಿನ ಕಚೇರಿಯಲ್ಲಿ ಹೊಸ ಪುಸ್ತಕ ಎದುರಿಗಿಟ್ಟುಕೊಂಡು ಕೂತೆ. ಮೇಲಿನ ಸಾಲನ್ನು ಬರೆಯಲು ಪೆನ್ನು ತೆಗೆದಾಗಲೆಲ್ಲ ಲೈನಿನವರ ಮುಖ ಎದುರಿಗೆ ಬರುತ್ತಿತ್ತು. ಇವಳು ಬರೆದರೆ ಬರೆದದ್ದೇ ಎಂದು ಕೂರಿಸುತ್ತಿದ್ದವರು ಅವರು. ಅವ್ವ ಹೇಳಿದ ಸಾಮಾನೂ ಎದುರಿಗೆ ಬರುತ್ತಿತ್ತು. ಸಂಜೆ ಬಾಗಿಲು ಹಾಕುವಾಗ ಪುಸ್ತಕ ಖಾಲಿಯೇ ಇತ್ತು.

ಮರುದಿನ ಸದಸ್ಯರು ಬಂದರು. ಶೆಟ್ಟಿಕೊಪ್ಪದವರು, ಶೃಂಗೇರಿಯಲ್ಲಿ ಲಾಡ್ಜ್ ಇಟ್ಟವರು, ಉಳಿದವರು. ಸೋತ ಅಭ್ಯರ್ಥಿಗೆ ಸುರಿದ ದುಡ್ಡಿನ ಹೊಟ್ಟೆಯುರಿ ಎಲ್ಲರ ಮುಖದಲ್ಲೂ ಇತ್ತು. ಖಾಲಿ ಪುಸ್ತಕ ನೋಡಿದ ಅಧ್ಯಕ್ಷರು ನನ್ನ ಕಡೆ ಒಮ್ಮೆ ನೋಡಿ, "ಆಯ್ತು, ನಿಮ್ಮ ಅಪ್ಪನ ಹತ್ರ ಆಮೇಲೆ ಮಾತಾಡ್ತೀನಿ" ಎಂದರು. ಏಜೆಂಟ್ ನಾಮಕರಣದ ಯೋಜನೆಯನ್ನು ಸದಸ್ಯರಿಗೆ ವಿವರಿಸಿ, ಹುಡುಗಿ ಆಮೇಲೆ ಹಾಕುತ್ತಾಳೆ, ಮೊದಲು ನೀವು ಸಾಕ್ಷಿ ಹಾಕಿ ಎಂದು ಟೈಪಾದ ಹಾಳೆ ಮುಂದಿಟ್ಟರು.

ಶೆಟ್ಟಿಕೊಪ್ಪದವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು.

"ಅಲ್ಲ ಮಾರಾಯ, ಇದು ಅಧ್ಯಕ್ಷರ ಮನೆ ನಾಮಕರಣ. ನಾನು ಕೊಟ್ಟಿದ್ದು ಅಧ್ಯಕ್ಷರ ಮನೆಗೆ. ಹೌದನಾ?"

"ಕಾಗದದಲ್ಲಿ ಹಂಗೆ," ಎಂದರು ಏಜೆಂಟ್.

"ಹಂಗಾದ್ರೆ ಇದು ಮುಯ್ಯಿ ಆಯ್ತಲ್ಲ."

"ಆಯ್ತು, ಮುಯ್ಯಿನೇ."

"ನನ್ನ ಮಗನ ಮದುವೆ ಇದೆ, ಮಳೆ ಬಿಟ್ಟ ಮೇಲೆ." ಅವರು ಪೆನ್ನಿನ ಟೋಪಿ ತೆಗೆದರು. "ಎಲ್ಲಿ ಹಾಕ್ಬೇಕು ಸಹಿ? ಖುಷಿಯಿಂದ ಹಾಕ್ತೀನಿ."

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಮೊದಲು ತಿಳಿದದ್ದು ಲಾಡ್ಜಿನವರಿಗೆ.

"ನಂದು ಹೊಸ ಮನೆ ಒಕ್ಕಲು ಇದೆ. ನಂಗೂ ಪೆನ್ನು ಕೊಡಿ."

"ನೋಡ್ರೋ," ಎಂದರು ಅಧ್ಯಕ್ಷರು, "ತಮಾಷೆ ಹೊತ್ತಲ್ಲ ಇದು. ಬರೀ ಲೆಕ್ಕಕ್ಕೆ ಬರ್ಯದು."

"ಮುಯ್ಯಿನಲ್ಲಿ ಬರೀ ಲೆಕ್ಕಕ್ಕೆ ಬರ್ಯದು ಅಂತ ಯಾವ್ದಿದೆ ಮಾರಾಯ? ನಮ್ಮ ಅಜ್ಜ ಬರ್ಸಿದ್ದನ್ನ ನಾನು ತೀರ್ಸಿದೀನಿ." ಶೆಟ್ಟಿಕೊಪ್ಪದವರ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. ಅವರು ನನ್ನ ಕಡೆ ತಿರುಗಿದರು. "ನೀನು ಹೇಳು ಮಗಾ. ಬರ್ಯೋಳು ನೀನು."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಧ್ಯಕ್ಷರೂ. ಅವರ ನೋಟದಲ್ಲಿ ನಮ್ಮ ಮನೆಯ ಬೀಗವಿತ್ತು.

"ನಾಮಕರಣದ ಮುಯ್ಯಿ ಅಂತ ಬರೆದ್ರೆ ನಾಮಕರಣ ಮಾಡ್ಸಿದ ಮನೆಯವರು ತೀರಿಸ್ಬೇಕು," ಎಂದೆ. "ಲೈನಲ್ಲಿ ಬರೆದ್ರೂ ಅಷ್ಟೇ, ಇಲ್ಲಿ ಬರೆದ್ರೂ ಅಷ್ಟೇ. ನಿಮ್ಮ ಕಾರ್ಯದ ದಿನ ಅವರು ತರದೆ ಹೋದ್ರೆ, ಬರೆದೋಳು ನಾನು, ನನ್ನನ್ನ ಕೇಳ್ತೀರಿ. ನಾನು ಪುಸ್ತಕ ತೋರಿಸ್ಬೇಕಾಗ್ತದೆ."

ಏಜೆಂಟ್ ಏನೋ ಹೇಳಲು ಹೋದರು. ಅಧ್ಯಕ್ಷರು ಕೈ ಎತ್ತಿ ತಡೆದರು. ಅವರು ಮನಸ್ಸಿನಲ್ಲಿ ಕೂಡುತ್ತಿದ್ದುದು ಕಾಣುತ್ತಿತ್ತು. ಒಬ್ಬರದ್ದು ಮದುವೆ, ಒಬ್ಬರದ್ದು ಗೃಹಪ್ರವೇಶ, ಉಳಿದವರಿಗೂ ಬೆಳೆದ ಮಕ್ಕಳಿದ್ದರು. ಎಲ್ಲರೂ ಅಭ್ಯರ್ಥಿಗೆ ಕೊಟ್ಟದ್ದನ್ನು ಇವರೊಬ್ಬರು ಮೇಲೆ ಸೇರಿಸಿ ತೀರಿಸಬೇಕು. ತೀರಿಸದಿದ್ದರೆ ಅವರ ಮನೆಯ ಕಾರ್ಯಕ್ಕೆ ಯಾರೂ ಕಾಲಿಡುವುದಿಲ್ಲ. ಚುನಾವಣಾ ಕಚೇರಿಗೆ ಹೆದರದ ಮನುಷ್ಯ ಅದಕ್ಕೆ ಹೆದರಿದರು.

"ಇದ್ದದ್ದು ಇದ್ದಂಗೆ ಬರಿ," ಎಂದು ಎದ್ದು ನಿಂತರು. "ಯಾರ್ಯಾರು ಎಂತೆಂತ ಕೊಟ್ರು, ಎಂತಕೆ ಕೊಟ್ರು, ಎಲ್ಲ."

"ನಮ್ಮ ಗತಿ?" ಎಂದರು ಏಜೆಂಟ್.

"ನಿಮ್ಮ ಗತಿ ನೀವೇ ನೋಡ್ಕಳಿ. ನನ್ನ ಮೊಮ್ಮಗೂನ ಹೆಸರು ಎತ್ಬೇಡಿ."

ನಾನು ಬರೆದೆ. ಸಂಘದ ಸದಸ್ಯರು ಅಭ್ಯರ್ಥಿಯ ಚುನಾವಣಾ ಖರ್ಚಿಗೆ ಕೊಟ್ಟ ಹಣ, ಸಂಘ ಹಾಕಿಸಿದ ಊಟ ಎಂದು ಮೇಲಿನ ಸಾಲು. ಕೆಳಗೆ ಹೆಸರುಗಳು, ಮೊತ್ತಗಳು. ಕೊನೆಗೆ ನನ್ನ ಸಹಿ. ಬಿ.ಕಾಂ. ಎಂದು ನಾನು ಹಾಕಲಿಲ್ಲ, ಕೈಬರಹವೇ ಸಾಕಿತ್ತು. ಆ ಲೆಕ್ಕ ನೋಟಿಸಿಗೆ ಉತ್ತರವಾಗಿ ಜಿಲ್ಲಾ ಚುನಾವಣಾ ಕಚೇರಿಗೆ ಹೋಯಿತು. ಶುಲ್ಕ ಕಟ್ಟಿದ ಯಾರು ಬೇಕಾದರೂ ಅದನ್ನು ನೋಡಬಹುದಿತ್ತು. ಯಾರೋ ನೋಡಿಯೂ ಇದ್ದರು, ಸೈಟಿನವರು ಕೊಟ್ಟದ್ದೆಷ್ಟು ಎನ್ನುವುದು ಕೊಪ್ಪದ ಸಂತೆಯಲ್ಲಿ ಮಾತಾಯಿತು.

ಅಧ್ಯಕ್ಷರು ಅಪ್ಪನ ಹತ್ತಿರ ಮಾತಾಡಲಿಲ್ಲ. ಒಂದು ದಿನ, ಎರಡು ದಿನ, ವಾರ. ಹೊಸ ಆಳುಗಳು ಬಂದರು, ಬೇರೆ ಮನೆಗಳಲ್ಲಿ ಇಳಿದರು. ಅಪ್ಪ ಪ್ರತಿ ಸಂಜೆ ರೈಟರ ಮುಖ ನೋಡಿಕೊಂಡು ಮನೆಗೆ ಬರುತ್ತಿದ್ದರು. ಒಂದು ಬೆಳಿಗ್ಗೆ ಗಂಜಿ ಕುಡಿದು, "ಕೊಪ್ಪದಲ್ಲಿ ಬಾಡಿಗೆ ಮನೆ ನೋಡು" ಎಂದರು. ದಿನಾ ಹೀಗೆ ಕಾಯಲು ತಮ್ಮಿಂದಾಗುವುದಿಲ್ಲ ಎಂದರು. ನನಗೂ ಸಂಘದ ಕೆಲಸ ಸಾಕಾಗಿತ್ತು. ಪೇಟೆಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯಲು ಕರೆದಿದ್ದರು.

ಸಾಮಾನು ಪಿಕಪ್ಪಿಗೆ ಹಾಕುವಾಗ ಅಧ್ಯಕ್ಷರು ಕಾಫಿ ಒಣಗಿಸುವ ಕಣದಲ್ಲಿ ನಿಂತಿದ್ದರು. ಕೆಳಗಿಳಿದು ಬಂದರು.

"ನಾನು ಹೋಗು ಅಂದಿದ್ನೇನೋ?"

"ಇಲ್ಲ ಅಯ್ಯ," ಎಂದರು ಅಪ್ಪ. "ಇರು ಅಂತನೂ ಅನ್ಲಿಲ್ಲ."

ಅವರು ತಿರುಗಿ ಕಣದ ಕಡೆ ಹತ್ತಿದರು. ಅವ್ವ ರುಬ್ಬುವ ಕಲ್ಲನ್ನು ಬಿಟ್ಟು ಬರಲು ಒಪ್ಪದ್ದರಿಂದ ಇಬ್ಬರು ಆಳುಗಳು ಅದನ್ನು ಎತ್ತಿ ಹಾಕಿದರು.

ಬಾಡಿಗೆ ಮನೆಯಲ್ಲಿ ಹಾಲು ಉಕ್ಕಿಸಿದ ದಿನ ಶೆಟ್ಟಿಕೊಪ್ಪದವರು ಜೀಪು ನಿಲ್ಲಿಸಿ ಒಂದು ಮೂಟೆ ಅಕ್ಕಿ ಇಳಿಸಿದರು. ಅಪ್ಪ ಅಭ್ಯಾಸದಂತೆ ಕೈ ಮುಗಿದು ಬಾಗಿಲ ಪಕ್ಕ ಸರಿದು ನಿಂತರು. ಅವರು ಒಳಗೆ ಬಂದು ಚಾಪೆಯ ಮೇಲೆ ಕೂತು ಹಾಲು ಕುಡಿದರು. ಹೊರಡುವಾಗ ನನ್ನನ್ನು ಕರೆದರು.

"ಬರ್ಕ ಮಗಾ."

"ಎಂತ?"

"ಅಕ್ಕಿ. ನನ್ನ ಹೆಸರಲ್ಲಿ ಬರ್ಕ. ಮಗನ ಮದುವೆ ಇದೆ ಅಂದಿಲ್ವಾ?"

ಜೀಪು ಹೋದ ಮೇಲೂ ಅಪ್ಪ ಮೂಟೆಯ ಮುಂದೆಯೇ ನಿಂತಿದ್ದರು. ಇಷ್ಟು ದೊಡ್ಡವರ ಮುಯ್ಯಿ ನಮ್ಮ ಮನೆಯಲ್ಲಿ ಅದೇ ಮೊದಲು.

"ಇದನ್ನ ಎಲ್ಲಿಂದ ತೀರ್ಸದೇ?" ಎಂದರು.

"ಅಕ್ಕಿಗೆ ಅಕ್ಕಿ," ಎಂದಳು ಅವ್ವ. "ನೀನು ಬರಿ."

ನಾನು ಬರೆದು, ಅಪ್ಪನಿಗೆ ಕೇಳುವ ಹಾಗೆ ಗಟ್ಟಿಯಾಗಿ ಓದಿದೆ.