ಗೆರೆ ಮುಟ್ಟಿದ ಚೆಂಡು

2023ರ ಆಗಸ್ಟ್ 11, ಶುಕ್ರವಾರ, ಬೆಳಗ್ಗೆ 6 ಗಂಟೆ 20 ನಿಮಿಷ. ಹನಗೋಡಿನ ಹೊರಗಿನ ಮೈದಾನದಲ್ಲಿ ಹುಡುಗಿಯರ ಅಭ್ಯಾಸಕ್ಕೆ ಗೆರೆ ಹಾಕುತ್ತಾ ಕುಳ್ಳಮ್ಮ ಸೊಂಟ ಬಗ್ಗಿಸಿ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಿದ್ದಾರೆ. ಎರಡು ಗೂಟಗಳ ನಡುವೆ ಹುರಿ ಬಿಗಿದಿದೆ. ಕೈಯಲ್ಲಿ ತಳಕ್ಕೆ ತೂತು ಹೊಡೆದ ಹಾಲಿನ ಪುಡಿ ಡಬ್ಬಿ. ಅದನ್ನು ಅಂಗೈಯಿಂದ ಮೆಲ್ಲಗೆ ತಟ್ಟಿದಷ್ಟೂ ಸುಣ್ಣದ ಪುಡಿ ಹುರಿಯ ಗುಂಟ ಇಳಿಯುತ್ತದೆ. ಹಾಕಿದ ಗೆರೆಯನ್ನು ತಾವೇ ತುಳಿಯಬಾರದೆಂದು ಈ ಹಿಮ್ಮುಖದ ನಡಿಗೆ.

ಗೋಲಿನ ಕಂಬದ ಹತ್ತಿರ, ಇಟ್ಟಿಗೆಗೆ ಒರಗಿಸಿಟ್ಟ ಮೊಬೈಲಿನ ಮುಂದೆ ಇಬ್ಬರು ಹುಡುಗಿಯರು ಕೂತಿದ್ದಾರೆ. ಒಬ್ಬಳು ಊರಿನ ಹೆಣ್ಣುಮಕ್ಕಳ ಫುಟ್‌ಬಾಲ್ ತಂಡದ ನಾಯಕಿ ಪದ್ಮಶ್ರೀ, ಇನ್ನೊಬ್ಬಳು ಅದೇ ತಂಡದ ನಿಶತ್. ಮಹಿಳಾ ವಿಶ್ವಕಪ್ಪಿನ ಕ್ವಾರ್ಟರ್‌ಫೈನಲ್, ಸ್ಪೇನ್ ಮತ್ತು ನೆದರ್ಲೆಂಡ್ಸ್ ನಡುವೆ. ಆಟ ನಡೆಯುವ ನ್ಯೂಜಿಲೆಂಡಿನಲ್ಲಿ ಆಗಲೇ ಮಧ್ಯಾಹ್ನ.

ಊರಿನ ಟೀ ಅಂಗಡಿಯಿಂದ ಫ್ಲಾಸ್ಕಿನಲ್ಲಿ ಟೀ ತಂದ ಚನ್ನಬಸವಣ್ಣ ಅಲ್ಲೇ ಕುಕ್ಕರಗಾಲಲ್ಲಿ ಕೂರುತ್ತಾರೆ. "ಏನ್ರವ್ವಾ, ಇವತ್ತು ಯಾರ್ ಕಡೆ?"

"ಪದ್ಮಂದು ನೆದರ್ಲೆಂಡ್ಸ್ ಅಣ್ಣ. ಕಿತ್ತಳೆ ಬಟ್ಟೆ ಚೆನ್ನಾಗದೆ ಅಂತ ಟೀಮ್ ಹಿಡ್ದವ್ಳೆ" ಎಂದು ನಿಶತ್ ಕಿಚಾಯಿಸುತ್ತಾಳೆ.

"ನಿನ್ ಸ್ಪೇನು ಮೊನ್ನೆ ಜಪಾನ್ ಕೈಲಿ ನಾಕು ತಿಂತಲ್ಲ, ಅದ್ನ ಯೋಳೇ."

"ಅವೆಲ್ಲ ಇರ್ಲಿ. ನಮ್ಮೂರ್ ಟೀಮ್ ಭಾನ್ವಾರ ಆಡ್ತದೋ ಇಲ್ವೋ, ಮೊದ್ಲು ಅದ್ನ ಯೋಳಿ" ಎನ್ನುತ್ತಾರೆ ಚನ್ನಬಸವಣ್ಣ. ಇಬ್ಬರೂ ಮೊಬೈಲಿನತ್ತ ಮುಖ ತಿರುಗಿಸುತ್ತಾರೆ. ಕುಳ್ಳಮ್ಮ ತಟ್ಟುವುದನ್ನು ನಿಲ್ಲಿಸಿ ಒಮ್ಮೆ ತಲೆಯೆತ್ತಿ ಮತ್ತೆ ಬಾಗುತ್ತಾರೆ.

ಭಾನುವಾರದ ಪಂದ್ಯ ಎಚ್.ಡಿ. ಕೋಟೆಯಲ್ಲಿ. ಕನಿಷ್ಠ ಏಳು ಜನರಿಲ್ಲದೆ ತಂಡ ಮೈದಾನಕ್ಕೆ ಇಳಿಯುವಂತಿಲ್ಲ. ಇಳಿಯದಿದ್ದರೆ ನಾಲ್ಕು ತಾಲ್ಲೂಕುಗಳ ಈ ಪುಟ್ಟ ಟೂರ್ನಿಯಿಂದ ಹನಗೋಡು ಹೊರಗೆ. ಬಂದೇ ಬರುತ್ತೇವೆ ಎಂದವರು ಸದ್ಯಕ್ಕೆ ಐವರು. ಗೋಲ್‌ಕೀಪರ್ ಮಾನಸ ಮೂರು ವಾರದಿಂದ ಮೈದಾನದ ಕಡೆ ತಲೆ ಹಾಕಿಲ್ಲ.

ಕುಳ್ಳಮ್ಮನಿಗೆ ಈಗ ನಲವತ್ತೇಳು. ಗಂಡ ತೀರಿದ ಮೇಲೆ ಗಾರೆ ಕೆಲಸದ ಅಣ್ಣ ಮರಿಯಯ್ಯನ ಮನೆಯ ಮಗ್ಗುಲಲ್ಲೇ ವಾಸ. ಮಾನಸ ಆ ಅಣ್ಣನ ಮಗಳು. ಮೊದಲು ಕಬಡ್ಡಿ ಅಂಕಣಕ್ಕೆ ಗೆರೆ ಹಾಕುತ್ತಿದ್ದವರು ಹೆಣ್ಣುಮಕ್ಕಳ ತಂಡ ಕಟ್ಟಿದ ವರ್ಷ ಫುಟ್‌ಬಾಲಿಗೆ ಬಂದರು. ಪೂರ್ತಿ ಮೈದಾನಕ್ಕೆ ಒಮ್ಮೆ ಗೆರೆ ಹಾಕುವುದೆಂದರೆ ಹತ್ತಿರ ಹತ್ತಿರ 640 ಮೀಟರ್ ಬಾಗಿ ನಡೆಯುವುದು. ಎರಡೂವರೆ ಗಂಟೆ ಹಿಡಿಯುತ್ತದೆ, ಸುಮಾರು ಇಪ್ಪತ್ತೈದು ಕಿಲೋ ಸುಣ್ಣ ಬೇಕು. ಅದು ಮುಗಿದ ಮೇಲೆ ಹೊಗೆಸೊಪ್ಪನ್ನು ಒಣಗಿಸುವ ಬ್ಯಾರನ್ನಿಗೆ ಹೋಗಿ ಸಂಜೆಯವರೆಗೆ ಎಲೆ ಕಟ್ಟುವ ಕೆಲಸ. ಸುಣ್ಣ ತಿಂದ ಬೆರಳುಗಳ ಬಿರುಕಿಗೆ ಸೊಪ್ಪಿನ ಕಪ್ಪು ಅಂಟು ಸೇರಿಕೊಂಡಿದೆ. "ಕೊಬ್ರಿ ಎಣ್ಣೆ ಅಚ್ಚುದ್ರೆ ಅಂಟು ಓಯ್ತದೆ, ಉರಿ ಓಗಲ್ಲ" ಎನ್ನುತ್ತಾರೆ.

ಪಂದ್ಯ ಮುಗಿಯುವ ಹೊತ್ತಿಗೆ ನೆದರ್ಲೆಂಡ್ಸಿನ ಆಟಗಾರ್ತಿಯೊಬ್ಬಳ ಕೈಗೆ ಚೆಂಡು ತಾಗಿ ಸ್ಪೇನಿಗೆ ಪೆನಾಲ್ಟಿ ಸಿಗುತ್ತದೆ, ಗೋಲಾಗುತ್ತದೆ. ನಿಶತ್ ಕುಣಿಯುತ್ತಾಳೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಅದೇ ಆಟಗಾರ್ತಿ ಮುಂದೆ ನುಗ್ಗಿ ಸಮ ಮಾಡುತ್ತಾಳೆ. ಈಗ ಕುಣಿಯುವ ಸರದಿ ಪದ್ಮಶ್ರೀಯದು.

ಕುಳ್ಳಮ್ಮ ಡಬ್ಬಿ ಕೆಳಗಿಟ್ಟು ಬರುತ್ತಾರೆ. "ಕೈ ತಾಕ್ಸಿ ಕೆಡುಸ್ದೋಳು ಇವ್ಳೇ ಅಲ್ವೇನೇ? ಅವ್ಳೇ ಬಂದು ಸರಿ ಮಾಡುದ್ಲು. ಇವ್ಳ್ನ ಯಾರಾದ್ರೂ ಮನೇಗ್ ಓಗು ಅಂದ್ರಾ? ಇದ್ನ ಮಾನಸಂಗೆ ಕಳ್ಸು ಪದ್ಮ."

"ಎಷ್ಟ್ ಕಳ್ಸಿದ್ರೂ ನೋಡಲ್ಲ ಆಂಟಿ. ಫೋನೇ ಎತ್ತಲ್ಲ."

ಹೆಚ್ಚುವರಿ ಸಮಯದಲ್ಲಿ ಸ್ಪೇನಿನ ಹತ್ತೊಂಬತ್ತರ ಹುಡುಗಿ ಗೆಲುವಿನ ಗೋಲು ಹೊಡೆಯುತ್ತಾಳೆ. ಕುಳ್ಳಮ್ಮ ಮೊಬೈಲಿನಲ್ಲಿ ಆ ಕಿತ್ತಳೆ ಅಂಗಿಯವಳನ್ನೇ ಹುಡುಕುತ್ತಾರೆ. "ಸರಿ ಮಾಡುದ್ರೂ ಸೋತ್ಲಲ್ಲ" ಎಂದಷ್ಟೇ ಹೇಳಿ ಬ್ಯಾರನ್ನಿನ ದಾರಿ ಹಿಡಿಯುತ್ತಾರೆ.

ಮಾನಸ ಕೆಡಿಸಿದ್ದಾದರೂ ಏನು? ಜುಲೈ 23ರ ಭಾನುವಾರ ಇದೇ ಮೈದಾನದಲ್ಲಿ ಕೆ.ಆರ್. ನಗರದ ತಂಡದೊಂದಿಗೆ ಪಂದ್ಯವಿತ್ತು. ಗೋಲು ಯಾರಿಗೂ ಇಲ್ಲ. ಕೊನೆಯ ಹೊತ್ತಿನಲ್ಲಿ ಚೆಂಡು ನಿಧಾನಕ್ಕೆ ಉರುಳಿಬಂದು ಗೋಲಿನ ಕಂಬದ ಪಕ್ಕದಲ್ಲಿ, ಅಂಚಿನ ಗೆರೆಯ ಮೇಲೆ ನಿಂತಿತು. ಮಾನಸ ಔಟೆಂದು ಕೈಯೆತ್ತಿ, ನೀರಿನ ಬಾಟಲಿ ಎತ್ತಿಕೊಳ್ಳಲು ತಿರುಗಿದಳು. ಎದುರಾಳಿ ಹುಡುಗಿ ಓಡಿಬಂದು ಚೆಂಡನ್ನು ಒಳಗೆ ತಳ್ಳಿದಳು. ರೆಫರಿ ಗೋಲೆಂದು ಸೀಟಿ ಊದಿದರು.

ಇಲ್ಲಿನ ಹುಡುಗಿಯರು ಕುಂಟೆಬಿಲ್ಲೆ ಆಡಿ, ಕಬಡ್ಡಿ ಆಡಿ ಬೆಳೆದವರು. ಕುಂಟೆಬಿಲ್ಲೆಯಲ್ಲಿ ಗೆರೆ ಮುಟ್ಟಿದರೆ ಔಟು. ಕಬಡ್ಡಿಯಲ್ಲಿ ಅಂಚಿನ ಗೆರೆ ದಾಟಿ ಕಾಲಿಟ್ಟರೆ ಔಟು. ಫುಟ್‌ಬಾಲಿನಲ್ಲಿ ಗೆರೆಯೂ ಮೈದಾನದ ಭಾಗವೇ. ಇಡೀ ಚೆಂಡು ಗೆರೆಯನ್ನು ದಾಟುವವರೆಗೆ ಆಟ ನಿಲ್ಲುವುದಿಲ್ಲ. ತರಬೇತಿಯಲ್ಲಿ ಎಷ್ಟು ಸಲ ಹೇಳಿಸಿಕೊಂಡಿದ್ದರೂ ಆ ಕ್ಷಣದಲ್ಲಿ ಮಾನಸಳ ಕಾಲಿಗೆ ನೆನಪಾದದ್ದು ಚಿಕ್ಕಂದಿನ ಆಟ. ಅಂದಿನಿಂದ ಟೀ ಅಂಗಡಿಯಲ್ಲಿ ಅವಳಿಗೆ 'ಔಟಮ್ಮ' ಎಂಬ ಹೆಸರು ಬಿತ್ತು.

ಅಂದು ಪಂದ್ಯ ಮುಗಿದೊಡನೆ ಕುಳ್ಳಮ್ಮ ಟೂರ್ನಿ ನಡೆಸುವವರ ಮುಂದೆ ಹೋಗಿ ನಿಂತಿದ್ದರು. "ತಪ್ಪು ಆ ಉಡ್ಗೀದಲ್ಲ ಸ್ವಾಮಿ. ಗೆರೆ ಒಂದ್ ಗೇಣು ಆಚೆ ಬಿದ್ದಿತ್ತು. ಚೆಂಡು ದಿಟುಕ್ಕೂ ಔಟೇ ಆಗಿತ್ತು. ನಂಗೆ ಕಣ್ಣು ಸರ್ಯಾಗ್ ಕಾಣಲ್ಲ" ಎಂದಿದ್ದರು. ಶುಕ್ರವಾರ ಪತ್ರಿಕೆಗಾಗಿ ನಾವು ಕೇಳಿದಾಗಲೂ ಇದನ್ನೇ ಹೇಳುತ್ತಾರೆ.

ಫಲಿತಾಂಶ ಬದಲಾಗಲಿಲ್ಲ. ಬದಲಾದದ್ದು ಮೈದಾನ. ಗೆರೆ ಹಾಕುವವರೇ ಗೆರೆ ಸರಿಯಿರಲಿಲ್ಲ ಎಂದ ಮೇಲೆ ಅಲ್ಲಿ ಆಡಿಸುವುದು ಹೇಗೆಂದು, ಹನಗೋಡಿನಲ್ಲಿ ನಡೆಯಬೇಕಿದ್ದ ಉಳಿದ ಪಂದ್ಯಗಳನ್ನು ಎಚ್.ಡಿ. ಕೋಟೆಗೆ ವರ್ಗಾಯಿಸಿದರು. ಅಲ್ಲಿಗೆ ಹೋಗಲು ಹುಣಸೂರಿನಲ್ಲಿ ಬಸ್ಸು ಬದಲಿಸಬೇಕು. ಇದು ಹೊಗೆಸೊಪ್ಪು ಮುರಿಯುವ ಕಾಲ, ಮನೆಮನೆಯಲ್ಲೂ ಕೈಯಾಳು ಸಾಲದು. ಊರ ಮೈದಾನಕ್ಕಾದರೆ ಎರಡು ಗಂಟೆ ಬಿಡುತ್ತಿದ್ದ ಮನೆಯವರು ಇಡೀ ದಿನ ಬಿಡಲು ಒಲ್ಲರು. "ಊರಲ್ಲಾದ್ರೆ ಆಡು, ಕೋಟೆಗೆ ಬೇಡ ಅಂತಾರೆ ಅಮ್ಮಿ. ಜಗಳ ಆಡಿ ಒಪ್ಸಿದೀನಿ, ಒಂದೇ ಒಂದ್ ಸಲ" ಎನ್ನುತ್ತಾಳೆ ನಿಶತ್.

ಭಾನುವಾರ ಎಚ್.ಡಿ. ಕೋಟೆಯ ಬಸ್ಸಿನಿಂದ ಇಳಿದವರು ಅದೇ ಐವರು. ರೆಫರಿ ಕಾಲು ಗಂಟೆ ಕಾದು ಎದುರು ತಂಡ ಗೆದ್ದಿತೆಂದು ಬರೆದುಕೊಂಡರು. ಬೂಟು ಕಟ್ಟಿಕೊಂಡಿದ್ದ ಹುಡುಗಿಯರು ಚೆಂಡನ್ನು ಒಮ್ಮೆಯೂ ಒದೆಯದೆ ಬೂಟು ಬಿಚ್ಚಿದರು. ಮುಂದಿನ ವರ್ಷಕ್ಕೆ ಹೆಸರು ಕೊಡುವುದಿಲ್ಲವೆಂದು ಪದ್ಮಶ್ರೀ ಅಲ್ಲೇ ಹೇಳಿಬಿಟ್ಟಳು.

ಸೋಮವಾರ ಬೆಳಗ್ಗೆ ಕುಳ್ಳಮ್ಮ ಮತ್ತೆ ಮೈದಾನದಲ್ಲಿದ್ದಾರೆ. ಮಾರನೆಯ ದಿನ ಸ್ವಾತಂತ್ರ್ಯೋತ್ಸವ. ಶಾಲೆ ಮಕ್ಕಳು ಸಾಲಾಗಿ ನಿಲ್ಲಲು ಗೆರೆ ಬೇಕು. ಏಳು ಗಂಟೆಯ ಹೊತ್ತಿಗೆ ಮಾನಸ ಬರುತ್ತಾಳೆ. ಕೈಯಲ್ಲಿ ಅಪ್ಪನ ಗಾರೆ ಕೆಲಸದ ಟೇಪು. ನೇರ ಅತ್ತೆಯ ಮುಂದೆ ನಿಲ್ಲುತ್ತಾಳೆ.

"ಗೆರೆ ಆಚೆ ಬಿದ್ದಿತ್ತು ಅಂತ ಯಾಕಂದೆ ಅತ್ತೆ?"

"ಬಿದ್ದಿತ್ತು ಕಣ್ ಮಗ, ಅದ್ಕೇ ಅಂದೆ."

"ಸುಳ್ಳು. ನಾನ್ ಅಲ್ಲೇ ನಿಂತಿದ್ದೆ. ಗೆರೆ ನೆಟ್ಟಗಿತ್ತು. ಮುಟ್ಟುದ್ರೆ ಔಟು ಅನ್ಕಂಡು ಕೈ ಬುಟ್ಟೋಳು ನಾನು."

"ಮೆಲ್ಲುಕ್ಕೆ ಮಾತಾಡೇ. ಪೇಪರ್ನೋರು ಅವ್ರೆ."

"ಇರ್ಲಿ, ಬರ್ಕಳ್ಳಿ. ನಿನ್ ಗೆರೆ ಮೇಲೆ ತಪ್ಪು ಒರ್ಸಿ ನಾನ್ ಒಳ್ಳೇಳಾಗದು ಬ್ಯಾಡ."

ಕುಳ್ಳಮ್ಮ ಡಬ್ಬಿ ಹಿಡಿದುಕೊಂಡೇ ಹುಲ್ಲಿನ ಮೇಲೆ ಕೂರುತ್ತಾರೆ. "ಒಬ್ಳುನ್ನ ಉಳುಸ್ಕಳಾನ ಅಂತ ಓದೆ. ಎಲ್ಲಾರ್ನೂ ಕಳ್ದೆ."

ಆಟಕ್ಕೆ ಮರಳುತ್ತೀಯಾ ಎಂದು ನಾವು ಕೇಳಿದರೆ ಮಾನಸ ಇಲ್ಲವೆಂದು ತಲೆಯಾಡಿಸುತ್ತಾಳೆ. "ಯಾವ್ ಟೀಮ್ಗೆ?"

ಸುಣ್ಣದ ಕ್ಷಾರಕ್ಕೆ ಹುಲ್ಲು ಸಾಯುತ್ತದೆ. ಮಳೆಗೆ ಬಿಳುಪು ಕರಗಿದರೂ ಸುಟ್ಟ ಪಟ್ಟಿ ನೆಲದಲ್ಲಿ ಉಳಿಯುತ್ತದೆ. ಆ ಪಂದ್ಯದ ಗೆರೆಯೂ ಕಂಬದ ಬುಡದಲ್ಲಿ ಹಾಗೇ ಇದೆ. ಆಮೇಲೆ ಹಾಕಿದ ಗೆರೆಗಳೆಲ್ಲ ಅದರ ಮೇಲೆಯೇ ಬಿದ್ದಿವೆ, ಪಕ್ಕದಲ್ಲಿ ಬೇರೆ ಪಟ್ಟಿಯಿಲ್ಲ. ಗೆರೆಯ ಹೊರ ಅಂಚು ಕಂಬದ ಹಿಂಬದಿಗೆ ಸಮವಾಗಿರಬೇಕೆಂಬುದು ನಿಯಮ. ಮಾನಸ ಮೊಣಕಾಲೂರಿ ಟೇಪಿನ ತುದಿಯನ್ನು ಕಂಬಕ್ಕೆ ಒತ್ತುತ್ತಾಳೆ.

"ಈಗ ಅಳ್ದು ಏನ್ ಮಾಡೀಯೇ, ಎದ್ದೇಳು" ಎನ್ನುತ್ತಾರೆ ಕುಳ್ಳಮ್ಮ. ಹಾಗೆ ಹೇಳುತ್ತಲೇ ಟೇಪಿನ ಇನ್ನೊಂದು ತುದಿ ಜಾರದಂತೆ ಹಿಡಿಯುತ್ತಾರೆ.

ಕಂಬದ ಹಿಂಬದಿಗೂ ಗೆರೆಯ ಹೊರ ಅಂಚಿಗೂ ನಡುವಿನ ಅಂತರ 2 ಮಿಲಿಮೀಟರ್.